ಫೌಲ್ ಹೌದೇ, ಅಲ್ಲವೇ? ತಾಲ್ಲೂಕು ಮೈದಾನದ ಫುಟ್‌ಬಾಲ್ ರೆಫರಿಗೊಂದು ಕೈಪಿಡಿ

ಫುಟ್‌ಬಾಲ್ ಮೈ ತಾಗಿಸಿ ಆಡುವ ಆಟ. ಚೆಂಡಿಗಾಗಿ ಭುಜಕ್ಕೆ ಭುಜ ಕೊಡುವುದು, ಕಾಲು ಚಾಚಿ ಚೆಂಡು ಕಸಿಯುವುದು, ಎದುರಾಳಿಯ ಜತೆಗೇ ಹಾರಿ ಹೆಡ್ ಮಾಡುವುದು ಎಲ್ಲವೂ ನ್ಯಾಯವಾದ ಆಟವೇ. ಈ ಸೆಣಸಾಟ ಯಾವ ಹಂತದಲ್ಲಿ ಫೌಲ್ ಆಗುತ್ತದೆ, ಯಾವ ಹಂತದಲ್ಲಿ ಕಾರ್ಡ್ ತೋರಿಸಬೇಕಾಗುತ್ತದೆ ಎಂಬುದನ್ನು ಆಟದ 17 ನಿಯಮಗಳ ಪೈಕಿ 12ನೆಯದು ಹೇಳುತ್ತದೆ. ನಿಯಮಗಳನ್ನು ರೂಪಿಸುವುದು 1886ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಫುಟ್‌ಬಾಲ್ ಅಸೋಸಿಯೇಷನ್ ಮಂಡಳಿ, ಅಂದರೆ ಐಎಫ್‌ಎಬಿ. ವಿಶ್ವಕಪ್ ಫೈನಲಿಗೆ ಅನ್ವಯಿಸುವ 12ನೆಯ ನಿಯಮವೇ ಕಡಬದ ಶಾಲಾ ಮೈದಾನದ ಪಂದ್ಯಕ್ಕೂ ಅನ್ವಯಿಸುತ್ತದೆ.

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಕಬಡ್ಡಿ, ವಾಲಿಬಾಲ್, ಹಗ್ಗಜಗ್ಗಾಟಗಳಿಗೆ ಇರುವಷ್ಟು ಜನ ಫುಟ್‌ಬಾಲಿಗಿಲ್ಲ. ಆದರೂ ಶಿಕ್ಷಣ ಇಲಾಖೆಯ ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಕ್ರೀಡಾಕೂಟ, ಮಂಗಳೂರು ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾಟ, ಯುವಕ ಮಂಡಲಗಳ ಭಾನುವಾರದ ಟೂರ್ನಿ ಹೀಗೆ ಆಟ ನಡೆಯುತ್ತಲೇ ಇರುತ್ತದೆ. ಸುಳ್ಯದಿಂದ ಜಾಲ್ಸೂರು ದಾಟಿದರೆ ಕಾಸರಗೋಡು. ಅಲ್ಲಿಂದಾಚೆ ಮಲಬಾರಿನ ಸೆವೆನ್ಸ್, ಅಂದರೆ ತಂಡಕ್ಕೆ ಏಳು ಜನ ಆಡುವ ಫುಟ್‌ಬಾಲಿನ ದೊಡ್ಡ ಸೀಮೆಯೇ ಇದೆ. ಇಲ್ಲಿನ ಪಂದ್ಯಗಳಲ್ಲಿ ವಿಷಲ್ ಹಿಡಿಯುವವರು ಸಾಮಾನ್ಯವಾಗಿ ದೈಹಿಕ ಶಿಕ್ಷಣ ಶಿಕ್ಷಕರು ಅಥವಾ ಹಿರಿಯ ಆಟಗಾರರು. ತರಬೇತಾದ ಲೈನ್ಸ್‌ಮನ್‌ಗಳು ಸಿಗುವುದು ಕಡಿಮೆ, ಮರುದೃಶ್ಯ ನೋಡುವ ಸೌಕರ್ಯವಿಲ್ಲ. ಕಣ್ಣಿಗೆ ಒಮ್ಮೆ ಬಿದ್ದದ್ದರ ಮೇಲೆಯೇ ತೀರ್ಪು ಕೊಡಬೇಕು. ಆದ್ದರಿಂದ ಏನನ್ನು ನೋಡಬೇಕು, ಯಾವ ಕ್ರಮದಲ್ಲಿ ಯೋಚಿಸಬೇಕು ಎಂಬುದು ಮೊದಲೇ ಮನಸ್ಸಿನಲ್ಲಿ ಕೂತಿರಬೇಕು.

ಏಳು ಕೃತ್ಯಗಳು

ಎದುರಾಳಿಯ ಮೇಲೆ ಎಸಗಿದರೆ ಡೈರೆಕ್ಟ್ ಫ್ರೀ ಕಿಕ್‌ಗೆ ಕಾರಣವಾಗುವ ಏಳು ಕೃತ್ಯಗಳನ್ನು ನಿಯಮ ಹೆಸರಿಸುತ್ತದೆ: ಮೈಯಿಂದ ಗುದ್ದುವುದು, ಮೇಲೆ ಹಾರುವುದು, ಒದೆಯುವುದು ಅಥವಾ ಒದೆಯಲು ಹೋಗುವುದು, ತಳ್ಳುವುದು, ಹೊಡೆಯುವುದು ಅಥವಾ ಹೊಡೆಯಲು ಹೋಗುವುದು, ಟ್ಯಾಕಲ್ ಮಾಡುವುದು, ಕಾಲು ಕೊಟ್ಟು ಬೀಳಿಸುವುದು ಅಥವಾ ಬೀಳಿಸಲು ಹೋಗುವುದು. ತಲೆಯಿಂದ ಗುದ್ದುವುದು ಹೊಡೆತದ ಲೆಕ್ಕಕ್ಕೆ ಸೇರುತ್ತದೆ.

ಈ ಏಳೂ ತಮ್ಮಷ್ಟಕ್ಕೆ ಫೌಲ್ ಆಗುವುದಿಲ್ಲ. ಅಜಾಗರೂಕತೆಯಿಂದಲೋ, ದುಡುಕಿನಿಂದಲೋ, ಅತಿಯಾದ ಬಲದಿಂದಲೋ ಮಾಡಿದ್ದಾಗ ಮಾತ್ರ ಫೌಲ್. ಎದುರಾಳಿಯನ್ನು ಹಿಡಿದುಕೊಳ್ಳುವುದು, ಮೈ ತಾಗಿಸಿ ದಾರಿ ಅಡ್ಡಗಟ್ಟುವುದು, ಕಚ್ಚುವುದು, ಉಗುಳುವುದು ಇವುಗಳಿಗೆ ಈ ಅಳತೆ ಬೇಕಿಲ್ಲ. ಮಾಡಿದ್ದು ಕಂಡರೆ ಸಾಕು, ಡೈರೆಕ್ಟ್ ಫ್ರೀ ಕಿಕ್.

ಇನ್ನೊಂದು ಷರತ್ತು: ಚೆಂಡು ಆಟದಲ್ಲಿರಬೇಕು. ಚೆಂಡು ಗೆರೆ ದಾಟಿ ಹೋದ ಮೇಲೆ ಒಬ್ಬ ಇನ್ನೊಬ್ಬನಿಗೆ ಒದ್ದರೆ ಕಾರ್ಡ್ ತೋರಿಸಬಹುದು, ತೋರಿಸಲೇಬೇಕಾಗಿಯೂ ಬರಬಹುದು. ಆದರೆ ಫ್ರೀ ಕಿಕ್ ಕೊಡುವಂತಿಲ್ಲ. ಆಟ ಥ್ರೋ ಇನ್, ಗೋಲ್ ಕಿಕ್ ಅಥವಾ ಕಾರ್ನರಿನಿಂದಲೇ ಮುಂದುವರಿಯುತ್ತದೆ.

ಮೂರು ಮೆಟ್ಟಿಲು

ಫೌಲ್ ನಿರ್ಣಯದ ಬೆನ್ನೆಲುಬು ಈ ಮೂರು ಹಂತಗಳ ವಿಂಗಡಣೆ.

ಮೊದಲನೆಯದು ಅಜಾಗರೂಕತೆ. ಆಟಗಾರ ಚೆಂಡಿನ ಮೇಲೆ ಕಣ್ಣಿಟ್ಟು ನುಗ್ಗುತ್ತಾನೆ, ಎದುರಾಳಿ ಎಲ್ಲಿದ್ದಾನೆ ಎಂಬುದನ್ನು ಗಮನಿಸುವುದಿಲ್ಲ, ಕಾಲು ಅರೆ ಕ್ಷಣ ತಡವಾಗಿ ತಲುಪಿ ಎದುರಾಳಿಯ ಪಾದಕ್ಕೆ ತಾಗುತ್ತದೆ. ಫ್ರೀ ಕಿಕ್ ಕೊಟ್ಟರೆ ಸಾಕು, ಕಾರ್ಡ್ ಬೇಕಿಲ್ಲ. ಹವ್ಯಾಸಿ ಪಂದ್ಯಗಳ ಬಹುಪಾಲು ಫೌಲ್‌ಗಳು ಈ ಮೆಟ್ಟಿಲಿನವು.

ಎರಡನೆಯದು ದುಡುಕು. ತನ್ನ ನಡೆಯಿಂದ ಎದುರಾಳಿಗೆ ಅಪಾಯವಾದೀತು ಎಂಬುದನ್ನು ಲೆಕ್ಕಿಸದೆ ನುಗ್ಗಿದರೆ ಅದು ದುಡುಕು. ಓಡುತ್ತಿರುವವನ ಕಾಲಿಗೆ ಪಕ್ಕದಿಂದ ವೇಗವಾಗಿ ಜಾರಿ ಬಂದು ಎರಡೂ ಕಾಲುಗಳನ್ನು ಗುಡಿಸಿದಂತೆ ಬೀಳಿಸುವುದು, ಹೆಡ್ ಮಾಡಲು ಹಾರುವಾಗ ತೋಳನ್ನು ಅಗಲಿಸಿ ಪಕ್ಕದವನ ಮುಖಕ್ಕೆ ತಾಗಿಸುವುದು ಇದರಲ್ಲಿ ಬರುತ್ತವೆ. ಫ್ರೀ ಕಿಕ್ ಜತೆಗೆ ಹಳದಿ ಕಾರ್ಡ್ ಕಡ್ಡಾಯ.

ಮೂರನೆಯದು ಅತಿಬಲ. ಚೆಂಡು ಪಡೆಯಲು ಬೇಕಾದಷ್ಟನ್ನು ಮೀರಿದ ಬಲ ಹಾಕಿದ್ದು ಅಥವಾ ಎದುರಾಳಿಯ ಸುರಕ್ಷತೆಯನ್ನೇ ಅಪಾಯಕ್ಕೆ ಒಡ್ಡಿದ್ದು. ಸ್ಟಡ್ ತೋರಿಸುತ್ತಾ ನೇರ ಕಾಲಿನಿಂದ ಮೊಣಕಾಲಿನ ಕೆಳಗೆ ತುಳಿಯುವುದು, ಎರಡೂ ಪಾದಗಳನ್ನು ನೆಲದಿಂದ ಎತ್ತಿ ಎದುರಾಳಿಯ ಕಾಲಿನತ್ತ ಹಾರುವುದು ಇದರ ಸ್ಪಷ್ಟ ರೂಪಗಳು. ಇದಕ್ಕೆ ಕೆಂಪು ಕಾರ್ಡ್. ಚೆಂಡಿಗಾಗಿ ಸೆಣಸುವಾಗ ನಡೆದರೆ ವರದಿಯಲ್ಲಿ ‘ಗಂಭೀರ ಫೌಲ್ ಆಟ’ ಎಂದೂ, ಚೆಂಡಿನ ಸಂಬಂಧವಿಲ್ಲದೆ ನಡೆದರೆ ‘ಹಿಂಸಾತ್ಮಕ ವರ್ತನೆ’ ಎಂದೂ ದಾಖಲಾಗುತ್ತದೆ.

ಕ್ಷಣಾರ್ಧದಲ್ಲಿ ಮೆಟ್ಟಿಲು ಗುರುತಿಸಲು ಕೆಲವು ಪ್ರಶ್ನೆಗಳು ನೆರವಾಗುತ್ತವೆ:

- ಎಷ್ಟು ದೂರದಿಂದ, ಎಷ್ಟು ವೇಗವಾಗಿ ಬಂದ?
- ಚೆಂಡು ಆಡಲು ನಿಜವಾಗಿ ಅವಕಾಶವಿತ್ತೇ?
- ಒಂದು ಕಾಲೋ ಎರಡೋ? ಪಾದ ನೆಲದ ಮೇಲಿತ್ತೋ ಗಾಳಿಯಲ್ಲಿತ್ತೋ?
- ತಾಗಿದ್ದು ಪಾದದ ಬದಿಯೋ, ಸ್ಟಡ್ ಇರುವ ಅಡಿಭಾಗವೋ?
- ಎದುರಾಳಿಗೆ ತಾಗಿದ್ದೆಲ್ಲಿ: ಬೂಟಿಗೋ, ಗಂಟಿಗೋ, ಮೊಣಕಾಲಿಗೋ?
- ನುಗ್ಗಿದವನಿಗೆ ತನ್ನ ಮೈ ಮೇಲೆ ಹಿಡಿತವಿತ್ತೇ, ಬೇಕೆಂದರೆ ನಿಲ್ಲಬಹುದಿತ್ತೇ?

ಇವುಗಳಲ್ಲಿ ಹೆಚ್ಚಿನವುಗಳ ಉತ್ತರ ಕೆಟ್ಟದ್ದಾದಷ್ಟೂ ಮೆಟ್ಟಿಲು ಮೇಲೇರುತ್ತದೆ. ಪೆಟ್ಟಿನ ಪರಿಣಾಮ ಇಲ್ಲಿನ ಅಳತೆಗೋಲಲ್ಲ. ಅಪಾಯಕಾರಿ ಟ್ಯಾಕಲಿನಿಂದ ಎದುರಾಳಿ ಹಾರಿ ತಪ್ಪಿಸಿಕೊಂಡು ಗಾಯವಾಗದೆ ಉಳಿದರೂ ಕೆಂಪು ಕಾರ್ಡ್ ಕೆಂಪು ಕಾರ್ಡೇ. ಸಣ್ಣ ಅಜಾಗರೂಕತೆಯಿಂದ ಯಾರಿಗೋ ಕೈ ಮುರಿದರೂ ಅದು ಸಣ್ಣ ಅಜಾಗರೂಕತೆಯೇ.

ಮೈದಾನದಲ್ಲಿ ಕೇಳಿಬರುವ ನಾಲ್ಕು ವಾದಗಳು

‘ಮೊದಲು ಚೆಂಡಿಗೇ ತಾಗಿದ್ದು’ ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ವಾದ. ಚೆಂಡು ಮುಟ್ಟಿದ ಮಾತ್ರಕ್ಕೆ ಟ್ಯಾಕಲ್ ನ್ಯಾಯವಾಗುತ್ತದೆ ಎಂದು ನಿಯಮ ಎಲ್ಲಿಯೂ ಹೇಳಿಲ್ಲ. ಚೆಂಡಿಗೆ ತಾಗಿಸಿ ಅದೇ ರಭಸದಲ್ಲಿ ಎದುರಾಳಿಯ ಕಣಕಾಲನ್ನು ತುಳಿದರೆ ಅದು ಫೌಲ್, ಕೆಲವೊಮ್ಮೆ ಕೆಂಪು ಕಾರ್ಡ್. ಚೆಂಡು ಸ್ವಚ್ಛವಾಗಿ ಸಿಕ್ಕಿತು, ಆಮೇಲೆ ಸಹಜ ಚಲನೆಯಲ್ಲಿ ಎದುರಾಳಿ ತೊಡರಿ ಬಿದ್ದ ಎಂದಾದರೆ ಮಾತ್ರ ಆಟ ಮುಂದುವರಿಯಬೇಕು.

‘ಬೇಕೆಂದು ಮಾಡಿದ್ದಲ್ಲ’ ಎಂಬುದು ಎರಡನೆಯದು. ಹಿಂದೆ ಈ ಮಾತಿಗೆ ಬಲವಿತ್ತು. ಉದ್ದೇಶಪೂರ್ವಕವಾಗಿ ಮಾಡಿದ್ದೇ ಎಂದು ರೆಫರಿ ನೋಡಬೇಕಿತ್ತು. 1995ರಲ್ಲಿ ಆ ಷರತ್ತನ್ನು ತೆಗೆದು ಅಜಾಗರೂಕತೆ, ದುಡುಕು, ಅತಿಬಲಗಳ ಅಳತೆಯನ್ನು ತರಲಾಯಿತು. ಆಟಗಾರನ ಮನಸ್ಸಿನಲ್ಲಿ ಏನಿತ್ತೆಂದು ರೆಫರಿ ಊಹಿಸಬೇಕಾಗಿಲ್ಲ. ಅವನ ಕಾಲು, ತೋಳು, ವೇಗ ಏನು ಮಾಡಿದವು ಎಂಬುದನ್ನು ನೋಡಿದರೆ ಸಾಕು.

‘ಹಿಂದಿನಿಂದ ಬಂದ, ಕೆಂಪು ಕೊಡಿ’ ಎಂಬುದು ಮೂರನೆಯದು. ಸುರಕ್ಷತೆಗೆ ಕುತ್ತು ತರುವ ಹಿಂಬದಿಯ ಟ್ಯಾಕಲಿಗೆ ಕೆಂಪು ಕಾರ್ಡ್ ಎಂದು 1998ರ ವಿಶ್ವಕಪ್ಪಿಗೆ ಮುನ್ನ ನಿಯಮ ಬಿಗಿಯಾಯಿತು. ಈ ವಾದಕ್ಕೆ ಅದೇ ಮೂಲ. ಈಗಿನ ನಿಯಮ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಎಂಬ ಮೂರನ್ನೂ ಒಂದೇ ಸಾಲಿನಲ್ಲಿಟ್ಟಿದೆ. ಹಿಂದಿನಿಂದ ಬಂದವನು ಎದುರಾಳಿಯ ಕಾಲು ಮುಟ್ಟದೆ ಚೆಂಡು ಪಡೆದರೆ ತಪ್ಪೇನೂ ಇಲ್ಲ. ಆದರೆ ಎದುರಾಳಿಗೆ ಅದು ಕಾಣುವುದಿಲ್ಲ, ತನ್ನನ್ನು ಕಾಪಾಡಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಅಪಾಯ ಬೇಗ ಏರುತ್ತದೆ ಎಂಬುದು ನೆನಪಿರಬೇಕು.

‘ಅವನು ಬಿದ್ದನಲ್ಲ’ ಎಂಬುದು ನಾಲ್ಕನೆಯದು. ಬೀಳುವುದು ಫೌಲಿನ ಸಾಕ್ಷಿಯಲ್ಲ. ಒದೆ ತಿಂದೂ ಬೀಳದೆ ಓಡಿದವನಿಗೆ ಫೌಲ್ ಆಗಿರಬಹುದು, ಯಾರೂ ಮುಟ್ಟದೆ ಬಿದ್ದವನಿಗೆ ಏನೂ ಆಗಿರದೆ ಇರಬಹುದು. ರೆಫರಿಯನ್ನು ವಂಚಿಸಲೆಂದೇ ಬಿದ್ದದ್ದು ಖಚಿತವಾದರೆ ಅದಕ್ಕೆ ಹಳದಿ ಕಾರ್ಡ್ ಇದೆ. ಖಚಿತವಿಲ್ಲದಿದ್ದರೆ ಆಟ ಮುಂದುವರಿಸುವುದೇ ಸರಿ, ಏಕೆಂದರೆ ಕಾಲು ಜಾರಿ ಬೀಳುವುದೂ ಉಂಟು.

ಭುಜ, ತೋಳು, ಹಾರುವಿಕೆ

ಭುಜ ಮತ್ತು ಮೇಲ್ತೋಳಿನಿಂದ, ತೋಳನ್ನು ಮೈಗೆ ಅಂಟಿಸಿಟ್ಟುಕೊಂಡು, ಚೆಂಡು ಆಡುವಷ್ಟು ಹತ್ತಿರವಿರುವಾಗ ಎದುರಾಳಿಯನ್ನು ಒತ್ತುವುದು ನ್ಯಾಯ. ದಷ್ಟಪುಷ್ಟ ಆಟಗಾರನ ಭುಜ ತಾಗಿ ತೆಳ್ಳಗಿನವನು ಬಿದ್ದರೂ ಅದು ಫೌಲ್ ಆಗಬೇಕಿಲ್ಲ. ಬೆನ್ನಿಗೆ ಭುಜ ಕೊಟ್ಟು ಗುದ್ದಿದರೆ, ದೂರದಿಂದ ಓಡಿ ಬಂದು ಅಪ್ಪಳಿಸಿದರೆ, ಕೊನೆಯ ಕ್ಷಣದಲ್ಲಿ ಮೊಣಕೈ ಚಾಚಿದರೆ ಚಿತ್ರ ಬದಲಾಗುತ್ತದೆ.

ಹೆಡ್ ಮಾಡುವಾಗ ಹಾರಲು ತೋಳು ಬೇಕೇ ಬೇಕು. ತೋಳು ಎತ್ತಿದ್ದೆಲ್ಲ ಫೌಲಲ್ಲ. ತೋಳು ಮೈಯನ್ನು ಮೇಲೆತ್ತಲು ಬಳಕೆಯಾಯಿತೋ, ಎದುರಾಳಿಯನ್ನು ತಡೆಯಲೋ, ಹೊಡೆಯಲೋ ಎಂದು ನೋಡಬೇಕು. ಎದುರಾಳಿಯನ್ನು ದೂರವಿಡಲು ಬಳಸಿದರೆ ಫ್ರೀ ಕಿಕ್, ಲೆಕ್ಕಿಸದೆ ಬೀಸಿ ಮುಖಕ್ಕೆ ತಾಗಿಸಿದರೆ ಹಳದಿ, ಮುಷ್ಟಿ ಕಟ್ಟಿ ಅಥವಾ ಮೊಣಕೈ ಮುಂದೆ ಮಾಡಿ ಹೊಡೆದರೆ ಕೆಂಪು. ಹೆಡ್ ಮಾಡುವವನ ಕೆಳಗೆ ಬಾಗಿ ನಿಂತು ಅವನು ಬೆನ್ನ ಮೇಲಿಂದ ಉರುಳುವಂತೆ ಮಾಡುವುದು ಬಲು ಅಪಾಯದ ನಡೆ. ನೋಡುಗರಿಗೆ ಮೇಲಿದ್ದವನೇ ತಪ್ಪಿತಸ್ಥನಂತೆ ಕಾಣುತ್ತದೆ, ಫೌಲ್ ಮಾತ್ರ ಕೆಳಗೆ ನುಸುಳಿದವನದು.

ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ ಹಿಡಿದಿರುವಾಗ, ನೆಲಕ್ಕೆ ಪುಟಿಸುತ್ತಿರುವಾಗ, ಅಥವಾ ಚೆಂಡನ್ನು ಕೈಯಿಂದ ನೆಲಕ್ಕೆ ಒತ್ತಿ ಹಿಡಿದಿರುವಾಗ ಯಾರೂ ಅದಕ್ಕಾಗಿ ಸೆಣಸುವಂತಿಲ್ಲ. ಕೆಸರಿನಲ್ಲಿ ಬಿದ್ದ ಗೋಲ್‌ಕೀಪರ್ ಅಂಗೈ ಕೆಳಗಿನ ಚೆಂಡಿಗೆ ಒದೆಯಲು ಹೋಗುವುದು ಊರ ಪಂದ್ಯಗಳಲ್ಲಿ ಕಂಡುಬರುವ ಅಪಾಯ. ಇಲ್ಲಿ ವಿಷಲ್ ತಡವಾಗಬಾರದು.

ಹಿಡಿತ ಮತ್ತು ಅಡ್ಡಗಟ್ಟು

ಈ ಭಾಗದ ಅನೇಕ ಹುಡುಗರು ಕಬಡ್ಡಿಯನ್ನೂ ಆಡುತ್ತಾರೆ. ಅಲ್ಲಿ ಎದುರಾಳಿಯ ಸೊಂಟ, ತೊಡೆ, ಕಣಕಾಲು ಹಿಡಿದು ನಿಲ್ಲಿಸುವುದೇ ಕೌಶಲ. ಅದೇ ಮೈ ಫುಟ್‌ಬಾಲ್ ಮೈದಾನಕ್ಕೆ ಬಂದಾಗ, ಮುನ್ನುಗ್ಗುವ ಫಾರ್ವರ್ಡ್‌ನನ್ನು ಎದೆಯಿಂದ ತಡೆದು ನಿಲ್ಲಿಸುವ, ಜೆರ್ಸಿ ಹಿಡಿದೆಳೆಯುವ ಅಭ್ಯಾಸವೂ ಜತೆಗೆ ಬರಬಹುದು. ಇದರಲ್ಲಿ ಕೆಟ್ಟ ಮನಸ್ಸು ಇರಬೇಕೆಂದಿಲ್ಲ. ಆದರೂ ಫುಟ್‌ಬಾಲಿನಲ್ಲಿ ಹಿಡಿತಕ್ಕೆ ಜಾಗವಿಲ್ಲ. ಮೊದಲ ಐದು ನಿಮಿಷಗಳಲ್ಲಿ ಸಿಗುವ ಮೊದಲ ಹಿಡಿತಕ್ಕೇ ವಿಷಲ್ ಹಾಕಿ, ಕೈ ತೋರಿಸಿ ವಿವರಿಸಿದರೆ ಉಳಿದ ಪಂದ್ಯ ಸಲೀಸಾಗುತ್ತದೆ. ಕಾರ್ನರ್ ಕಿಕ್ ಹೊಡೆಯುವ ಮುನ್ನವೇ ಜೆರ್ಸಿ ಹಿಡಿದಿರುವ ಜೋಡಿಯನ್ನು ಕಂಡರೆ ಕಿಕ್ ತಡೆದು ಎಚ್ಚರಿಸಬೇಕು. ಚೆಂಡು ಆಟಕ್ಕೆ ಬಂದ ಮೇಲೆ ಪೆನಾಲ್ಟಿ ಏರಿಯಾದೊಳಗೆ ಡಿಫೆಂಡರ್ ಹಾಗೆ ಹಿಡಿದರೆ ಅದು ಪೆನಾಲ್ಟಿ.

ಅಡ್ಡ ನಿಲ್ಲುವುದಕ್ಕೂ ಅಡ್ಡ ಬರುವುದಕ್ಕೂ ವ್ಯತ್ಯಾಸವಿದೆ. ಪ್ರತಿ ಆಟಗಾರನಿಗೂ ತಾನು ನಿಂತ ಜಾಗದ ಹಕ್ಕಿದೆ. ಎದುರಾಳಿ ಬಂದು ಡಿಕ್ಕಿ ಹೊಡೆದರೆ ನಿಂತವನ ತಪ್ಪಲ್ಲ. ಚೆಂಡು ಆಡುವಷ್ಟು ಹತ್ತಿರವಿದ್ದರೆ ಅದನ್ನು ಮೈಯಿಂದ ಮರೆಮಾಡಿ ಕಾಯುವುದೂ ನ್ಯಾಯ, ತೋಳಿನಿಂದ ಎದುರಾಳಿಯನ್ನು ತಡೆದು ಹಿಡಿಯದಿದ್ದರೆ. ಚೆಂಡು ಇಬ್ಬರಿಗೂ ಎಟುಕದಷ್ಟು ದೂರವಿರುವಾಗ ಎದುರಾಳಿಯ ದಾರಿಗೆ ಸರಿದು ಅವನನ್ನು ನಿಧಾನಿಸಿದರೆ ಅದು ತಪ್ಪು: ಮೈ ತಾಗದಿದ್ದರೆ ಇನ್‌ಡೈರೆಕ್ಟ್ ಫ್ರೀ ಕಿಕ್, ತಾಗಿದರೆ ಡೈರೆಕ್ಟ್.

ಅಪಾಯಕಾರಿ ಆಟ

ತಾಗದೆ ಇದ್ದರೂ ಗಾಯದ ಭಯ ಹುಟ್ಟಿಸುವ ನಡೆಗೆ ನಿಯಮ ಬೇರೆ ಹೆಸರು ಕೊಟ್ಟಿದೆ. ಎದುರಾಳಿ ಹೆಡ್ ಮಾಡಲು ಬರುವಾಗ ಅವನ ಮುಖದ ಎತ್ತರಕ್ಕೆ ಕಾಲೆತ್ತುವುದು ಇದಕ್ಕೆ ನೇರ ಉದಾಹರಣೆ. ಎದುರಾಳಿ ಹೆದರಿ ಹಿಂದೆ ಸರಿದು ಚೆಂಡು ಬಿಟ್ಟರೆ ಇನ್‌ಡೈರೆಕ್ಟ್ ಫ್ರೀ ಕಿಕ್. ಕಾಲು ತಾಗಿಯೇ ಬಿಟ್ಟರೆ ಅದು ಡೈರೆಕ್ಟ್ ಫ್ರೀ ಕಿಕ್, ಮೇಲಿನ ಮೂರು ಮೆಟ್ಟಿಲುಗಳ ಲೆಕ್ಕಕ್ಕೆ ಬರುತ್ತದೆ.

ಹತ್ತಿರ ಯಾರೂ ಇಲ್ಲದಾಗ ಎಷ್ಟು ಎತ್ತರಕ್ಕೆ ಕಾಲೆತ್ತಿದರೂ, ಬೈಸಿಕಲ್ ಕಿಕ್ ಹೊಡೆದರೂ ಅಡ್ಡಿಯಿಲ್ಲ. ಆಟಗಾರ ತನ್ನನ್ನೇ ಅಪಾಯಕ್ಕೆ ಒಡ್ಡಿಕೊಳ್ಳುವುದೂ ಇದೇ ನಿಯಮಕ್ಕೆ ಸೇರುತ್ತದೆ. ಮೊಣಕಾಲಿನ ಎತ್ತರದ ಚೆಂಡಿಗೆ ತಲೆ ಬಗ್ಗಿಸಿ ನುಗ್ಗಿದವನಿಂದಾಗಿ ಎದುರಾಳಿ ಕಾಲು ಹಿಂದೆಳೆದುಕೊಳ್ಳಬೇಕಾಗಿ ಬಂದರೆ ತಪ್ಪು ತಲೆ ಬಗ್ಗಿಸಿದವನದು.

ಮಳೆ, ಮುರಮಣ್ಣು, ಬೂಟು

ಶಾಲಾ ಪಂದ್ಯಗಳ ಕಾಲವೂ ಮಳೆಗಾಲವೂ ಇಲ್ಲಿ ಒಂದರ ಮೇಲೊಂದು ಬೀಳುತ್ತವೆ. ಗುಡ್ಡ ತಗ್ಗಿಸಿ ಮಾಡಿದ ಕೆಂಪು ಮುರಮಣ್ಣಿನ ಮೈದಾನ ಆಗಸ್ಟಿನಲ್ಲಿ ಒಂದು ಕಡೆ ಜಾರುತ್ತದೆ, ಇನ್ನೊಂದು ಕಡೆ ನೀರು ನಿಂತು ಚೆಂಡನ್ನು ತಡೆಯುತ್ತದೆ, ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಬಿದ್ದವರ ಮೊಣಕಾಲು ಕೀಳುತ್ತದೆ. ಫೌಲಿನ ಅಳತೆ ಎರಡು ಕಾಲದಲ್ಲೂ ಒಂದೇ ಆಗಿದ್ದರೂ ನೋಡಬೇಕಾದ ಅಂಶಗಳು ಬದಲಾಗುತ್ತವೆ.

ಒದ್ದೆ ನೆಲದಲ್ಲಿ ಟ್ಯಾಕಲ್ ಲೆಕ್ಕಕ್ಕಿಂತ ಹೆಚ್ಚು ದೂರ ಜಾರುತ್ತದೆ. ‘ನೆಲ ಜಾರಿತು’ ಎಂಬುದು ನೆಪವಾಗಬಾರದು. ನೆಲ ಜಾರುತ್ತದೆಂದು ಗೊತ್ತಿದ್ದೂ ದೂರದಿಂದ ಜಾರಿ ಬಂದರೆ ಅದೇ ಅಜಾಗರೂಕತೆ. ವೇಗ ಹೆಚ್ಚಿದ್ದರೆ ದುಡುಕು. ಓಡುತ್ತಿದ್ದವನು ನಿಲ್ಲಲು ಯತ್ನಿಸಿ, ಕಾಲು ಜಾರಿ, ಎದುರಾಳಿಗೆ ಹಗುರವಾಗಿ ತಾಗಿದ್ದು ಬೇರೆ, ಅದು ಆಕಸ್ಮಿಕ. ನೀರು ನಿಂತ ಜಾಗದಲ್ಲಿ ಚೆಂಡು ಥಟ್ಟನೆ ನಿಂತುಬಿಡುತ್ತದೆ, ಆಡಲು ಬೀಸಿದ ಕಾಲು ಎದುರಾಳಿಯ ಕಾಲಿಗೆ ತಾಗುತ್ತದೆ. ರೆಫರಿ ಪಂದ್ಯಕ್ಕೆ ಮುನ್ನ ಮೈದಾನ ಸುತ್ತಿ ಅಂಥ ಜಾಗಗಳನ್ನು ಗುರುತಿಸಿಕೊಂಡಿದ್ದರೆ ತೀರ್ಪು ಸುಲಭವಾಗುತ್ತದೆ. ಚೆಂಡು ಉರುಳಲಾರದ, ಕಾಲು ನಿಲ್ಲದ ಸ್ಥಿತಿ ಬಂದರೆ ಪಂದ್ಯ ನಿಲ್ಲಿಸುವ ಅಧಿಕಾರ ರೆಫರಿಗಿದೆ. ಅದನ್ನು ಬಳಸಲು ಸಂಘಟಕರ ಮುಖ ನೋಡಬೇಕಿಲ್ಲ.

ನಾಲ್ಕನೆಯ ನಿಯಮದ ಪ್ರಕಾರ ಬೂಟು ಮತ್ತು ಶಿನ್ ಗಾರ್ಡ್ ಕಡ್ಡಾಯ. ಊರ ಪಂದ್ಯಗಳಲ್ಲಿ ಕೆಲವರು ಬರಿಗಾಲಿನಲ್ಲಿ, ಕೆಲವರು ಸ್ಟಡ್ ಬೂಟಿನಲ್ಲಿ ಇಳಿಯುವುದುಂಟು. ಬರಿಗಾಲಿನ ಮೇಲೆ ಬೀಳುವ ಸ್ಟಡ್ ಬೆರಳು ಮುರಿಯಬಲ್ಲದು. ಈ ಬೆರಕೆಗೆ ಅವಕಾಶ ಕೊಡಲೇಬಾರದು. ಸ್ಟಡ್‌ನ ಅಂಚು ಹರಿತವಾಗಿದೆಯೇ, ಕೈಯಲ್ಲಿ ಉಂಗುರ, ಕಡಗ ಇವೆಯೇ ಎಂದು ಆಟಕ್ಕೆ ಮುನ್ನ ಪರೀಕ್ಷಿಸುವುದು ಫೌಲ್ ನಿರ್ಣಯದಷ್ಟೇ ಮುಖ್ಯವಾದ ಕೆಲಸ. ಸೆವೆನ್ಸ್ ಅಥವಾ ಟರ್ಫ್ ಪಂದ್ಯಗಳಲ್ಲಿ ಜಾರಿ ಟ್ಯಾಕಲ್ ಮಾಡುವುದಕ್ಕೆ ನಿಷೇಧದಂಥ ಸ್ಥಳೀಯ ನಿಯಮವಿದ್ದರೆ ಎರಡೂ ತಂಡಗಳ ನಾಯಕರಿಗೆ ಟಾಸ್ ಸಮಯದಲ್ಲೇ ತಿಳಿಸಬೇಕು.

ನೋಡುವ ಜಾಗ

ತಪ್ಪು ತೀರ್ಪುಗಳಿಗೆ ನಿಯಮದ ಅಜ್ಞಾನಕ್ಕಿಂತ ನಿಂತ ಜಾಗ ಹೆಚ್ಚು ಕಾರಣ. ಹತ್ತು ಹದಿನೈದು ಮೀಟರ್ ದೂರದಲ್ಲಿ, ಇಬ್ಬರು ಆಟಗಾರರ ನಡುವಿನ ಸಂದು ಕಾಣುವಂತೆ ಪಕ್ಕದಲ್ಲಿ ನಿಲ್ಲುವುದು ಉತ್ತಮ. ಆಟಗಾರನ ಬೆನ್ನ ಹಿಂದೆಯೇ ಓಡುತ್ತಿದ್ದರೆ ಕಾಲು ಚೆಂಡಿಗೆ ತಾಗಿತೋ ಕಾಲಿಗೆ ತಾಗಿತೋ ಕಾಣುವುದೇ ಇಲ್ಲ. ಆದ್ದರಿಂದ ಮೈದಾನದ ಒಂದು ಮೂಲೆಯಿಂದ ಎದುರು ಮೂಲೆಯತ್ತ ಓರೆಯಾಗಿ ಓಡುವ ಪದ್ಧತಿ ರೂಢಿಯಲ್ಲಿದೆ. ಲೈನ್ಸ್‌ಮನ್ ಇಲ್ಲದಿದ್ದಾಗ ಪೆನಾಲ್ಟಿ ಏರಿಯಾ ಸಮೀಪದ ಆಟಕ್ಕೆ ಇನ್ನಷ್ಟು ಹತ್ತಿರವಿರಬೇಕು. ತಂಡಗಳಿಂದಲೇ ಬಾವುಟ ಹಿಡಿಯಲು ಬಂದವರಿಗೆ ಚೆಂಡು ಗೆರೆ ದಾಟಿದ್ದನ್ನು ತೋರಿಸುವ ಕೆಲಸವಷ್ಟೇ ಸಾಕು. ಫೌಲ್ ತೀರ್ಪು ಅವರ ಹೆಗಲಿಗೆ ಹೊರಿಸಬಾರದು.

ವಿಷಲ್ ಸದಾ ಬಾಯಲ್ಲೇ ಇದ್ದರೆ ಯೋಚಿಸುವ ಮೊದಲೇ ಉಸಿರು ಹೊರಬೀಳುತ್ತದೆ. ಕೈಯಲ್ಲಿ ಹಿಡಿದು ಓಡಿದರೆ ಬಾಯಿಗೆ ತರುವಷ್ಟರಲ್ಲಿ ಒಂದು ಕ್ಷಣ ಸಿಗುತ್ತದೆ, ಆ ಕ್ಷಣದಲ್ಲೇ ಎಷ್ಟೋ ತಪ್ಪು ತೀರ್ಪು ತಪ್ಪುತ್ತದೆ.

ಅಡ್ವಾಂಟೇಜ್

ಫೌಲ್ ಆದ ತಂಡಕ್ಕೆ ಆಟ ಮುಂದುವರಿದರೇ ಲಾಭವಿದ್ದರೆ ವಿಷಲ್ ಹಾಕದೆ ಕೈ ಚಾಚಿ ‘ಅಡ್ವಾಂಟೇಜ್’ ತೋರಿಸಬಹುದು. ಕೆಲವೇ ಕ್ಷಣಗಳಲ್ಲಿ ಆ ಲಾಭ ಕೈಗೂಡದಿದ್ದರೆ ಹಿಂದಿರುಗಿ ಮೂಲ ಫೌಲಿಗೆ ಫ್ರೀ ಕಿಕ್ ಕೊಡಬಹುದು. ಲಾಭವೆಂದರೆ ಚೆಂಡು ಕಾಲಲ್ಲಿ ಉಳಿದದ್ದಷ್ಟೇ ಅಲ್ಲ, ಗೋಲಿನತ್ತ ನಿಜವಾದ ದಾರಿ ತೆರೆದಿರುವುದು. ಸ್ವಂತ ಗೋಲಿನ ಬಳಿ ಚೆಂಡು ಇರುವಾಗ ಸಾಮಾನ್ಯವಾಗಿ ಫ್ರೀ ಕಿಕ್ಕೇ ಮೇಲು.

ಗಂಭೀರ ಫೌಲ್, ಹಿಂಸಾತ್ಮಕ ವರ್ತನೆ, ಎರಡನೆಯ ಹಳದಿಗೆ ತಕ್ಕ ತಪ್ಪು ನಡೆದಾಗ ಗೋಲ್ ಹೊಡೆಯುವ ಸ್ಪಷ್ಟ ಅವಕಾಶವಿದ್ದರಷ್ಟೇ ಅಡ್ವಾಂಟೇಜ್. ಇಲ್ಲವಾದರೆ ತಕ್ಷಣ ನಿಲ್ಲಿಸಬೇಕು. ಪೆಟ್ಟು ತಿಂದ ತಂಡದವರು ಸೇಡಿಗೆ ಹೊರಡುವುದು ವಿಷಲ್ ತಡವಾದ ಅಂತರದಲ್ಲೇ. ಅಡ್ವಾಂಟೇಜ್ ಕೊಟ್ಟರೂ ದುಡುಕಿನ ಟ್ಯಾಕಲಿನ ಹಳದಿ ಕಾರ್ಡ್ ಉಳಿದೇ ಇರುತ್ತದೆ. ಚೆಂಡು ಮುಂದೆ ಆಟದಿಂದ ಹೊರಹೋದಾಗ ತೋರಿಸಬೇಕು.

ಪೆನಾಲ್ಟಿ ಏರಿಯಾ ಮತ್ತು ಗೋಲ್ ಅವಕಾಶ

ಮೈದಾನದ ಮಧ್ಯದಲ್ಲಿ ಫೌಲಾದದ್ದು ಪೆನಾಲ್ಟಿ ಏರಿಯಾದೊಳಗೂ ಫೌಲೇ. ಪೆನಾಲ್ಟಿ ದೊಡ್ಡ ಶಿಕ್ಷೆ ಎಂದು ರೆಫರಿ ಅಳತೆ ಬದಲಿಸಬಾರದು. ಫೌಲಿನ ಸ್ಥಳ ನಿರ್ಧಾರವಾಗುವುದು ತಾಗಿದ ಜಾಗದಿಂದ. ಆಟಗಾರ ಮುಂದೆ ಹೋಗಿ ಬಿದ್ದ ಜಾಗದಿಂದ ಅಲ್ಲ. ಗೆರೆ ಏರಿಯಾಕ್ಕೇ ಸೇರಿದ್ದು, ಹಾಗಾಗಿ ಗೆರೆಯ ಮೇಲೆ ನಡೆದದ್ದು ಪೆನಾಲ್ಟಿ. ಹೊರಗೆ ಆರಂಭವಾದ ಹಿಡಿತ ಒಳಗೂ ಮುಂದುವರಿದರೆ ಅದೂ ಪೆನಾಲ್ಟಿ. ಸುಣ್ಣದ ಗೆರೆ ಮಳೆಗೆ ಅಳಿಸಿಹೋಗುವ ಮೈದಾನಗಳಲ್ಲಿ 16.5 ಮೀಟರಿನ ಗಡಿಯನ್ನು ಗುರುತಿಸಲು ಹೊರಗೆ ಕೋನ್ ಅಥವಾ ಬಾವುಟ ನೆಡಿಸುವುದು ಜಗಳ ತಪ್ಪಿಸುತ್ತದೆ.

ಸ್ಪಷ್ಟ ಗೋಲ್ ಅವಕಾಶವನ್ನು ಫೌಲಿನಿಂದ ತಪ್ಪಿಸಿದರೆ ಶಿಕ್ಷೆ ಹೆಚ್ಚು. ಅವಕಾಶ ಸ್ಪಷ್ಟವಾಗಿತ್ತೇ ಎಂದು ತಿಳಿಯಲು ನಾಲ್ಕು ವಿಷಯ ನೋಡಬೇಕು: ಗೋಲಿಗೆ ಇದ್ದ ದೂರ, ಆಟ ಸಾಗುತ್ತಿದ್ದ ದಿಕ್ಕು, ಚೆಂಡು ಹಿಡಿತದಲ್ಲಿ ಉಳಿಯುವ ಸಾಧ್ಯತೆ, ಡಿಫೆಂಡರ್‌ಗಳ ಸ್ಥಾನ ಮತ್ತು ಸಂಖ್ಯೆ. ನಾಲ್ಕೂ ಕೂಡಿಬಂದರೆ ಏರಿಯಾದ ಹೊರಗೆ ಕೆಂಪು ಕಾರ್ಡ್. ಏರಿಯಾದೊಳಗೆ ಚೆಂಡಿಗಾಗಿ ಪ್ರಾಮಾಣಿಕವಾಗಿ ಯತ್ನಿಸಿ ತಪ್ಪಿದ್ದರೆ ಪೆನಾಲ್ಟಿ ಮತ್ತು ಹಳದಿ. ಚೆಂಡಿನ ಗೊಡವೆಯಿಲ್ಲದೆ ಎಳೆದಿದ್ದರೆ, ತಳ್ಳಿದ್ದರೆ ಪೆನಾಲ್ಟಿ ಮತ್ತು ಕೆಂಪು. ಪೆನಾಲ್ಟಿ, ಕೆಂಪು ಕಾರ್ಡ್, ಮುಂದಿನ ಪಂದ್ಯದ ನಿಷೇಧ ಎಂಬ ಮೂರು ಪಟ್ಟು ಶಿಕ್ಷೆ ಒಂದೇ ತಪ್ಪಿಗೆ ಬೀಳುತ್ತಿದ್ದುದನ್ನು 2016ರ ತಿದ್ದುಪಡಿ ಹೀಗೆ ಸಡಿಲಿಸಿತು. ‘ಕೊನೆಯ ಡಿಫೆಂಡರ್’ ಎಂಬ ಮಾತು ನಿಯಮದಲ್ಲಿಲ್ಲ.

ಮಕ್ಕಳ ಪಂದ್ಯ

ಹದಿನಾಲ್ಕರ ಒಳಗಿನ ಮಕ್ಕಳಲ್ಲಿ ಮೈಕಟ್ಟಿನ ವ್ಯತ್ಯಾಸ ಬಹಳ. ಒಬ್ಬ ಹುಡುಗ ಅಥವಾ ಹುಡುಗಿ ಇನ್ನೊಬ್ಬರಿಗಿಂತ ಒಂದಡಿ ಎತ್ತರವಿರಬಹುದು. ದೊಡ್ಡವರ ನಡುವೆ ನ್ಯಾಯವೆನಿಸುವ ಭುಜದ ಒತ್ತು ಇಲ್ಲಿ ಎಷ್ಟು ಬಲದ್ದು ಎಂದು ಪ್ರತಿ ಸಲವೂ ತೂಗಬೇಕು. ಮಕ್ಕಳ ಫೌಲ್‌ಗಳು ಹೆಚ್ಚಾಗಿ ಕೌಶಲ ಸಾಲದೆ ಆಗುವಂಥವು. ವಿಷಲ್ ಹಾಕಿ, ‘ಕಾಲು ತಡವಾಯಿತು, ಪಕ್ಕದಿಂದ ಬಾ’ ಎಂದು ಒಂದು ಮಾತು ಹೇಳಿದರೆ ಆ ಮಗು ಜೀವನವಿಡೀ ಸರಿಯಾಗಿ ಟ್ಯಾಕಲ್ ಮಾಡುವುದನ್ನು ಕಲಿಯಬಹುದು. ಹಾಗೆಂದು ಅಪಾಯಕಾರಿ ಟ್ಯಾಕಲನ್ನು ‘ಮಕ್ಕಳಲ್ಲವೇ’ ಎಂದು ಬಿಟ್ಟರೆ ಎದುರು ತಂಡದ ಮಗುವಿನ ಕಾಲಿಗೆ ಕಾವಲಿಲ್ಲದಂತಾಗುತ್ತದೆ. ಮಕ್ಕಳ ಮತ್ತು ತಳಮಟ್ಟದ ಪಂದ್ಯಗಳಲ್ಲಿ ಆಟದ ಅವಧಿ, ಮೈದಾನದ ಅಳತೆ, ಬದಲಿ ಆಟಗಾರರು ಮರಳಿ ಬರುವ ಅವಕಾಶ, ಎಚ್ಚರಿಕೆಗೆ ಪ್ರತಿಯಾಗಿ ಕೆಲ ನಿಮಿಷ ಹೊರಗೆ ಕೂರಿಸುವುದು ಮುಂತಾದ ಬದಲಾವಣೆಗಳಿಗೆ ನಿಯಮದಲ್ಲೇ ಅವಕಾಶವಿದೆ.

ತೀರ್ಪಿನ ನಂತರ

ತೀರ್ಪು ಗಟ್ಟಿಯಾದ ಒಂದು ವಿಷಲ್, ಕೈ ತೋರಿಸಿದ ದಿಕ್ಕು ಮತ್ತು ಜಾಗದತ್ತ ಬೇಗ ಹೋಗುವುದು ಇವುಗಳಿಂದ ತಿಳಿಯಬೇಕು. ಇನ್‌ಡೈರೆಕ್ಟ್ ಆದರೆ ಚೆಂಡು ಇನ್ನೊಬ್ಬನಿಗೆ ತಾಗುವವರೆಗೆ ಕೈ ಮೇಲೆತ್ತಿರಬೇಕು. ಎದುರು ತಂಡ 9.15 ಮೀಟರ್ ದೂರ ಸರಿಯಬೇಕು. ಹಳದಿ, ಕೆಂಪು ಕಾರ್ಡ್‌ಗಳು ಮೊದಲು ಬಳಕೆಗೆ ಬಂದದ್ದು 1970ರ ಮೆಕ್ಸಿಕೊ ವಿಶ್ವಕಪ್ಪಿನಲ್ಲಿ, ಭಾಷೆ ಗೊತ್ತಿಲ್ಲದವರಿಗೂ ತೀರ್ಪು ಕಾಣಲೆಂದು. ತುಳು, ಕನ್ನಡ, ಬ್ಯಾರಿ, ಅರೆಭಾಷೆ, ಮಲಯಾಳ, ಕೊಂಕಣಿ ಒಂದೇ ಮೈದಾನದಲ್ಲಿ ಕೇಳಿಬರುವ ಈ ಭಾಗಕ್ಕೆ ಆ ಕಾರಣ ಚೆನ್ನಾಗಿ ಒಪ್ಪುತ್ತದೆ. ಬೈಗುಳ ಯಾವ ಭಾಷೆಯಲ್ಲಿದ್ದರೂ ಬೈಗುಳವೇ. ಎಲ್ಲ ಭಾಷೆ ಬಾರದ ರೆಫರಿ ಇಲ್ಲಿನ ಭಾಷೆಗಳ ಕೆಟ್ಟ ಮಾತುಗಳನ್ನಾದರೂ ತಿಳಿದಿರಬೇಕು.

ಆಟ ಮತ್ತೆ ಆರಂಭವಾಗುವ ಮುನ್ನ ತಪ್ಪು ಅರಿವಾದರೆ ತೀರ್ಪು ಬದಲಿಸಬಹುದು. ಆರಂಭವಾದ ಮೇಲೆ ಇಲ್ಲ. ಹಿಂದೆ ತಪ್ಪಾಗಿ ಕೊಟ್ಟ ಫೌಲಿಗೆ ಪರಿಹಾರವೆಂಬಂತೆ ಎದುರು ತಂಡಕ್ಕೆ ಇನ್ನೊಂದು ಫೌಲ್ ಕೊಡುವುದು ಒಂದು ತಪ್ಪನ್ನು ಎರಡು ಮಾಡಿದಂತೆ.

ಗಾಯವೇ ಮೊದಲ ಚಿಂತೆ. ಗಂಭೀರ ಪೆಟ್ಟೆಂದು ಕಂಡರೆ ಚೆಂಡು ಎಲ್ಲಿದ್ದರೂ ಆಟ ನಿಲ್ಲಿಸಬೇಕು. ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದವರನ್ನು, ಗೊಂದಲದಲ್ಲಿ ಮಾತನಾಡುವವರನ್ನು ಅದೇ ದಿನ ಮತ್ತೆ ಆಡಿಸಬಾರದು. ಕುತ್ತಿಗೆಗೆ ಏಟು ಬಿದ್ದ ಅನುಮಾನವಿದ್ದರೆ ಗೆಳೆಯರು ಎತ್ತಿ ಕೂರಿಸಲು ಬಿಡಬಾರದು. ಒಳ ಊರುಗಳಿಂದ ಆಸ್ಪತ್ರೆ ದೂರ. ಆದ್ದರಿಂದ ವಾಹನ, ಪ್ರಥಮ ಚಿಕಿತ್ಸಾ ಪೆಟ್ಟಿಗೆ, 108 ಆಂಬ್ಯುಲೆನ್ಸ್‌ಗೆ ಕರೆ ಮಾಡಲು ಮೊಬೈಲ್ ಸಿಗ್ನಲ್ ಸಿಗುವ ಜಾಗ ಇಷ್ಟನ್ನು ಪಂದ್ಯಕ್ಕೆ ಮುನ್ನವೇ ವಿಚಾರಿಸಿರಬೇಕು.

ಕೆಂಪು ಕಾರ್ಡಿನ ವರದಿಯನ್ನು ಅದೇ ದಿನ ಬರೆಯುವುದು ಒಳ್ಳೆಯದು. ನಿಮಿಷ, ಆಟಗಾರನ ಜೆರ್ಸಿ ಸಂಖ್ಯೆ, ಚೆಂಡು ಎಲ್ಲಿತ್ತು, ಯಾವ ಕಾಲಿನಿಂದ ಎಲ್ಲಿಗೆ ತಾಗಿತು, ರೆಫರಿ ಎಷ್ಟು ದೂರದಲ್ಲಿದ್ದರು, ಪೆಟ್ಟು ತಿಂದವನು ಆಟ ಮುಂದುವರಿಸಿದನೇ ಎಂಬಷ್ಟು ಸಾಕು. ‘ಬೇಕೆಂದೇ ಒದ್ದ’ ಎಂಬಂಥ ಊಹೆಗಳನ್ನು ಬಿಟ್ಟು ಕಂಡದ್ದನ್ನಷ್ಟೇ ಬರೆಯಬೇಕು. ನಿಯಮಗಳ ತಿದ್ದುಪಡಿಗಳು ಸಾಮಾನ್ಯವಾಗಿ ಪ್ರತಿ ವರ್ಷ ಜುಲೈ 1ರಿಂದ ಜಾರಿಗೆ ಬರುತ್ತವೆ, ಐಎಫ್‌ಎಬಿಯ ಪುಸ್ತಕ ಮೊಬೈಲಿನಲ್ಲಿ ಉಚಿತವಾಗಿ ಸಿಗುತ್ತದೆ. ಶಾಲಾ ಪಂದ್ಯಗಳ ಋತು ಶುರುವಾಗುವ ಮುನ್ನ 12ನೆಯ ನಿಯಮವನ್ನು ಪ್ರತಿ ವರ್ಷ ಒಮ್ಮೆ ಪೂರ್ತಿಯಾಗಿ ಓದಿಕೊಳ್ಳುವುದು ವಿಷಲ್ ಹಿಡಿಯುವ ಪ್ರತಿಯೊಬ್ಬರ ಹೊಣೆ.